ಬಣ್ಣ ಹಚ್ಚದೆ ಬನ್ನಿ ಎಂದ ಡಾಕ್ಟರು

ಪುಂಜಾಲಕಟ್ಟೆ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಬಾವಾ,

ಕುಳಿತುಕೋ! ಸೌದಿಯ ದಮ್ಮಾಮಿನ ನಿನ್ನ ಅಂಗಡಿಯ ಗಲ್ಲೆಯ ಹಿಂದೆ ನಿಂತಿದ್ದರೆ ಮೊದಲು ಸ್ಟೂಲು ಎಳೆದು ಕುಳಿತುಕೋ. ಗಿರಾಕಿಗಳಿದ್ದರೆ ಕಳಿಸಿಬಿಡು. ಮೈಕಿಲ್ಲದೆ ಬಯಲಿನ ಕಡೆಯ ಸಾಲಿಗೂ ಮಾತು ಮುಟ್ಟಿಸುತ್ತಿದ್ದ ನಿನ್ನ ಶೀನಪ್ಪ ಶನಿವಾರದಿಂದ ಚಾವಡಿಯಲ್ಲಿ ಕಂಬದ ಹಾಗೆ ಕುಳಿತಿದ್ದಾನೆ. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತದೆ.

ಫೋನು ಯಾಕೆ ಮಾಡಲಿಲ್ಲ ಎಂದು ಬೈಯಬೇಡ. ನನ್ನ ಸ್ವರ ನಿನಗೆ ಗೊತ್ತುಂಟು. ನಾನು ಗುಟ್ಟು ಹೇಳಿದರೆ ಪೇಟೆಯ ಸೆಲೂನಿನಲ್ಲಿ ಗಡ್ಡ ಬೋಳಿಸುವವನ ಕೈ ನಿಲ್ಲುತ್ತದೆ. ನಿನ್ನ ಅಳಿಯ ನವಾಝ್ ಗುರುವಾರ ಅಲ್ಲಿಗೆ ಹೊರಡುತ್ತಾನಲ್ಲ, ಅವನ ಕೈಯಲ್ಲಿ ಈ ಕಾಗದ ಬರುತ್ತದೆ.

ನನಗೆ ಕ್ಯಾನ್ಸರ್ ಅಂತೆ, ಬಾವಾ. ನಾವು ಗಜಕರ್ಣ ಎಂದು ಆರು ವರ್ಷ ತಮಾಷೆ ಮಾಡಿದ್ದೆವಲ್ಲ, ಅದೇ!

ಪರದೆ ಎತ್ತಿ ಮೊದಲಿನಿಂದ ಹೇಳುತ್ತೇನೆ. ಸೊಂಟದ ಎಡಗಡೆ ಒಂದು ಕೆಂಪು ಮಚ್ಚೆ ಎದ್ದದ್ದು ನಿನಗೆ ನೆನಪಿರಬೇಕು. ರಾಜಪಾರ್ಟಿನ ಡಾಬು ಬಿಗಿಯುವ ಜಾಗ. ನಮ್ಮ ನಾಟಕ ತಂಡದಲ್ಲಿ ಇದ್ದದ್ದು ಒಂದೇ ಡಾಬು. ಅದನ್ನು ಕಟ್ಟುವ ರಾಜರು ನಾಲ್ವರು. ಒಬ್ಬರ ಬೆವರಿನ ಮೇಲೆ ಇನ್ನೊಬ್ಬರ ಬೆವರು. ಇದು ಗಜಕರ್ಣವೇ ಎಂದು ನಾನೇ ತೀರ್ಪು ಕೊಟ್ಟೆ. ಆಮೇಲೆ ಅದು ಕುಂಡೆಗೆ, ತೊಡೆಯ ಒಳಮೈಗೆ, ಬಿಸಿಲು ಕಾಣದ ಜಾಗಗಳಿಗೆಲ್ಲ ಸದ್ದಿಲ್ಲದೆ ಹಬ್ಬಿತು. ಮೇಲಿನ ಚರ್ಮ ಸಿಗರೇಟಿನ ಕಾಗದದ ಹಾಗೆ ತೆಳ್ಳಗೆ ಸುಕ್ಕಾಯಿತು. ತುರಿಕೆಯನ್ನಂತೂ ಕೇಳಬೇಡ! ಆಗ ರಜೆಯಲ್ಲಿ ಬಂದ ನೀನು ಒಂದು ಟ್ಯೂಬು ಕೊಟ್ಟೆ. ಹಚ್ಚಿದೆ. ಮಾಯ! ಬಿಟ್ಟೆ. ಮತ್ತೆ ಪ್ರತ್ಯಕ್ಷ! ಅಂದಿನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲೆಲ್ಲ ನಿನ್ನ ಟ್ಯೂಬು ಬರುತ್ತಾ ಉಂಟು.

ನಿನಗೂ ಹೇಳದ ಒಂದು ಸಂಗತಿ ಉಂಟು. ಗಜಕರ್ಣ ಹರಡುವ ರೋಗವಲ್ಲವೇ? ಪಕ್ಕದಲ್ಲಿ ಮಲಗುವ ಕಾಂತಿಗೆ ತಾಗಬಾರದೆಂದು ನಾನು ನನ್ನ ಹಾಸಿಗೆಯನ್ನು ಚಾವಡಿಗೆ ತಂದೆ. ಸೆಕೆಯಾಗುತ್ತದೆ ಎಂದೆ. ನನ್ನ ಬಟ್ಟೆ ನಾನೇ ಒಗೆದು ಬಚ್ಚಲಿನ ಹಿಂದೆ ಒಣಗಿಸತೊಡಗಿದೆ. ಕೇಳಿದ್ದಕ್ಕೆ ರೇಗಿದೆ. ಅವಳು ಏನೆಂದುಕೊಂಡಳೋ! ಒಂದು ದಿನ ಚಹಾ ಇಡುತ್ತಾ, “ಚಾವಡಿಯಲ್ಲಿ ಮಲಗುವವರಿಗೆ ಮನೆ ಯಾಕೆ? ಸ್ಟೇಜೇ ಸಾಕಲ್ಲ, ಅಲ್ಲಿ ರಾಣಿಯರೂ ಇದ್ದಾರೆ” ಎಂದಳು. ನಾಟಕಕ್ಕೆ ಬರುವುದನ್ನೂ ಬಿಟ್ಟಳು. ನಾನು ಮಾತು ಮರೆತಾಗ ಎರಡನೇ ಸಾಲಿನಿಂದ ಕೆಮ್ಮಿ ಧೈರ್ಯ ಕೊಡುತ್ತಿದ್ದವಳು ಅವಳೇ ಎಂದು ನಿನಗೆ ಗೊತ್ತಲ್ಲ. ಆ ಕೆಮ್ಮು ಕೇಳದೆ ವರ್ಷಗಳಾದವು.

ತುರಿಕೆ ತಡೆಯದೆ ಡಾಕ್ಟರರ ಹತ್ತಿರ ಹೋದೆ. ಎರಡು ಸಲ ಚರ್ಮದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಎರಡು ಸಲವೂ ಇಸುಬಿನ ಹಾಗೆ ಕಾಣುತ್ತದೆ, ಖಚಿತವಿಲ್ಲ ಎಂದು ಉತ್ತರ ಬಂತು. ಕಡೆಗೆ ಮೂಡಬಿದಿರೆಯಲ್ಲಿ ಚರ್ಮದ ಡಾಕ್ಟರು ರಶೀನಾ ಎಂಬ ಹುಡುಗಿ, ಬರುವ ಮೊದಲು ಏನಾದರೂ ಹಚ್ಚಿದ್ದೀರಾ ಎಂದು ಕೇಳಿದಳು. ನಾನು ಎದೆ ಉಬ್ಬಿಸಿ, “ಡಾಕ್ಟ್ರೇ! ಬಣ್ಣ ಹಚ್ಚದೆ ಈ ಶೀನಪ್ಪ ಯಾರೆದುರೂ ಬಂದವನಲ್ಲ!” ಎಂದೆ. ಹೌದು ಬಾವಾ, ಪ್ರತಿ ಸಲವೂ ಡಾಕ್ಟರರ ಕಣ್ಣಿಗೆ ಅಸಹ್ಯವಾಗಬಾರದೆಂದು ಒಂದು ವಾರ ಮೊದಲಿನಿಂದಲೇ ನಿನ್ನ ಮುಲಾಮು ಬಳಿದು ಮೈಯನ್ನು ಚೊಕ್ಕ ಮಾಡಿಕೊಂಡೇ ಹೋಗುತ್ತಿದ್ದೆ.

ಅವಳು ತಲೆಗೆ ಕೈ ಇಟ್ಟಳು. “ಎಂಥ ಅಜ್ಜ ನೀವು! ಕಳ್ಳನನ್ನು ಹಿಡಿಯಲಿಕ್ಕೆ ಪೊಲೀಸರನ್ನು ಕರೆದು, ಅವರು ಬರುವಷ್ಟರಲ್ಲಿ ನೀವೇ ಅವನಿಗೆ ವೇಷ ಹಾಕಿ ಕೂರಿಸಿದ್ದೀರಲ್ಲ! ಒಂದು ತಿಂಗಳು ಏನೂ ಹಚ್ಚಬೇಡಿ. ಬಣ್ಣ ಇಲ್ಲದೆ ಬನ್ನಿ.”

ಅಜ್ಜ ಅಂತೆ! ರಾಜಪಾರ್ಟಿನವನಿಗೆ!

ಆ ಒಂದು ತಿಂಗಳು ನಾನು ಬಾಗಿಲ ದಾರಂದಕ್ಕೆ ಬೆನ್ನು ತಿಕ್ಕುತ್ತಾ ಕಳೆದೆ. ಅಡಗಿದ್ದ ಮಚ್ಚೆಗಳೆಲ್ಲ ಒಂದೊಂದಾಗಿ ರಂಗಪ್ರವೇಶ ಮಾಡಿದವು. ಈ ಸಲ ಮೂರು ಜಾಗದಿಂದ ಚೂರು ತೆಗೆದರು. ಶನಿವಾರ ಉತ್ತರ ಬಂತು: ಚರ್ಮದ ಟಿ ಕಣಗಳ ಲಿಂಫೋಮಾ. ಟಿ ಕಣಗಳು ಎಂದರೆ ರಕ್ತದ ಬಿಳಿಕಣಗಳಲ್ಲಿ ಒಂದು ಜಾತಿಯಂತೆ, ದೇಹದ ಕಾವಲುಗಾರರು. ಅವರಲ್ಲೇ ಒಂದು ಗುಂಪು ಕೆಟ್ಟು, ಚರ್ಮದೊಳಗೆ ಬೀಡುಬಿಟ್ಟು, ಸಂತಾನ ಬೆಳೆಸುತ್ತದಂತೆ. ನನ್ನ ಅರಮನೆಯ ಕಾವಲುಗಾರರೇ, ಬಾವಾ!

ಅವಳು ಕಂಕುಳಿನ, ತೊಡೆಸಂದಿನ ಗ್ರಂಥಿಗಳನ್ನು ಒತ್ತಿ ನೋಡಿದಳು. ರಕ್ತ ಪರೀಕ್ಷೆಯೂ ಆಯಿತು. ಚರ್ಮ ದಾಟಿ ಒಳಗೆ ಹೋಗಿಲ್ಲ. “ಪೂರ್ತಿ ಗುಣ ಆಗ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಹತೋಟಿಯಲ್ಲಿ ಇಡುವ. ಈ ಹಂತದಲ್ಲಿ ಸಿಕ್ಕಿದವರಲ್ಲಿ ಹೆಚ್ಚಿನವರು ಇದರಿಂದ ಸಾಯುವುದಿಲ್ಲ, ಅಜ್ಜ” ಎಂದಳು. ಸೋಮವಾರದಿಂದ ವಾರಕ್ಕೆ ಮೂರು ಸಲ ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ ಮಂಗಳೂರಿಗೆ ಹೋಗಬೇಕು. ಅಲ್ಲಿ ಬೀರುವಿನಂಥ ಪೆಟ್ಟಿಗೆಯೊಳಗೆ ನಿಂತು ಮೈಗೆ ವಿಶೇಷ ಬೆಳಕು ಹಾಯಿಸಿಕೊಳ್ಳಬೇಕು, ತಿಂಗಳುಗಟ್ಟಲೆ. ಕಣ್ಣಿಗೆ ಕಪ್ಪು ಕನ್ನಡಕ ಉಂಟು. ಡಾಬು ಇಲ್ಲ, ಕಿರೀಟ ಇಲ್ಲ, ಪಂಚೆಯೂ ಇಲ್ಲ!

ಜೊತೆಗೆ ಹಚ್ಚಲಿಕ್ಕೆ ಮುಲಾಮು ಬರೆದಳು. ನೋಡಿದರೆ ಅದು ನಿನ್ನ ಟ್ಯೂಬಿನ ಸ್ವಂತ ತಮ್ಮ! ಹಾಗಾಗಿ ನೀನು ಅಲ್ಲಿ ಕುಳಿತು ಎದೆ ಬಡಿದುಕೊಳ್ಳಬೇಡ. ಮದ್ದು ಕೆಟ್ಟದ್ದಲ್ಲ, ರೋಗದ ಮುಖ ಯಾರೂ ನೋಡುವ ಮೊದಲೇ ನಾನು ಅದಕ್ಕೆ ಮುಸುಕು ಹಾಕಿದ್ದು ಕೆಟ್ಟದ್ದು. ಇನ್ನು ಕಳಿಸಬೇಡ. ಇದ್ದ ಟ್ಯೂಬುಗಳನ್ನೆಲ್ಲ ಬಿಸಾಡಿದ್ದೇನೆ, ಸತ್ಯವಾಗಿ.

ಇಷ್ಟಕ್ಕೆಲ್ಲ ನಾನು ಬೀಳಲಿಲ್ಲ. ಏಳುವಾಗ ಒಂದು ಪ್ರಶ್ನೆ ಕೇಳಿದೆ, ಇದು ಹೆಂಡತಿಗೆ ತಾಗುತ್ತದಾ ಎಂದು. ರಶೀನಾ ನಕ್ಕಳು. “ಮುಟ್ಟಿದರೆ ಬರುವ ರೋಗವೇ ಅಲ್ಲ ಇದು. ಮೊದಲೂ ತಾಗ್ತಾ ಇರಲಿಲ್ಲ.”

ಏಳಲು ಹೊರಟವನು ಮತ್ತೆ ಕುರ್ಚಿಯಲ್ಲಿ ಕುಳಿತುಬಿಟ್ಟೆ, ಬಾವಾ. ಆರು ವರ್ಷ! ಗೋಡೆಯ ಆಚೆ ಕಾಂತಿ, ಈಚೆ ನಾನು. ಸುಮ್ಮನೆ!

ಮನೆಗೆ ಬಂದು ಅಲರ್ಜಿ ಎಂದೆ. ಇನ್ನೂ ಹೇಳಿಲ್ಲ. ಎಂಥೆಂಥ ಸಂಭಾಷಣೆ ಒಪ್ಪಿಸಿದ ಬಾಯಿಗೆ, ರೋಗದ್ದೊಂದು ಹಾಸಿಗೆಯದ್ದೊಂದು, ಈ ಎರಡು ವಾಕ್ಯ ಬರುತ್ತಿಲ್ಲ ಮಾರಾಯ.

ನಿನ್ನ, ಬಣ್ಣ ತೊಳೆದ,
ಶೀನಪ್ಪ

ತಾ.ಕ.: ನಿನಗೆ ಹಪ್ಪಳದ ಕಟ್ಟು ಕಟ್ಟುವುದು, ಲಕೋಟೆಗೆ ಗೋಂದು ಹಚ್ಚುವುದು ಎಂದಿನಂತೆ ಕಾಂತಿಯ ಕೆಲಸ. ನಿನಗೆ ಬರೆದ ಒಂದು ಕಾಗದವನ್ನೂ ಅವಳು ಓದದೆ ಅಂಟಿಸಿದವಳಲ್ಲ. ಅದನ್ನು ನೆನಪಿಟ್ಟುಕೊಂಡೇ ಇಷ್ಟುದ್ದ ಬರೆದೆ. ಕ್ಷಮಿಸು.

ಬಾವಾ ಅಣ್ಣ, ಓದಿದೆ. ಟ್ಯೂಬು ಎಲ್ಲ ಬಿಸಾಡಿದ್ದು ಸುಳ್ಳು. ಕಿರೀಟದ ಪೆಟ್ಟಿಗೆಯಲ್ಲಿ ಒಂದು ಇತ್ತು, ಸೋಮವಾರ ಹಚ್ಚಿಕೊಂಡು ಹೋಗಲಿಕ್ಕೆ ಇರಬೇಕು. ತೆಗೆದಿದ್ದೇನೆ. ಮಂಗಳೂರಿಗೆ ನಾನೂ ಹೋಗ್ತೇನೆ. ಹಾಸಿಗೆ ಒಳಗೆ ತಂದು ಹಾಕಿದ್ದೇನೆ. ನಾನು ಓದಿ ಮುಗಿಸುವವರೆಗೆ ಅವರು ಬಾಗಿಲಿನಲ್ಲಿ ನಿಂತಿದ್ದರು, ಬಾಯಿ ತೆರೆದುಕೊಂಡು, ಮಾತು ಮರೆತವರ ಹಾಗೆ. ನಾನು ಒಮ್ಮೆ ಕೆಮ್ಮಿದೆ. ಹೇಳಿದರು.
— ಕಾಂತಿ