ಆತಗೂರಿಗೆ ಏನೂ ಕೊಡಬಾರದು

ಜುಲೈ 7, ಸೋಮವಾರ

ಮತ್ತೆ ಅದೇ ಬಸ್ಸು. ಮಳವಳ್ಳಿಯಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ. ಮಡಿಲಲ್ಲಿ ಟ್ಯಾಬ್‌ಗಳ ಚೀಲ. ಕಾವಿಗೆ ಕೂತ ಕೋಳಿಯ ಹಾಗೆ ಕೂತಿದ್ದೆ. "ಲಗೇಜು ಕೆಳಗಿಡಮ್ಮ" ಎಂದ ಕಂಡಕ್ಟರ್. ಇಡಲಿಲ್ಲ.

ಹೊಳಲಿನ ಶಾಲೆಯಲ್ಲಿ ಮೊದಲ ಪರೀಕ್ಷೆ ಮುಗಿಯಿತು. ಮುಂದಿನ ವಾರದಿಂದ ಅಲ್ಲಿನ ಎಂಟನೇ ತರಗತಿಗೆ ಟ್ಯಾಬ್ ಪಾಠ — ತೆರೆಯ ಮೇಲೆ ತಂತಿ ಎಳೆದು ಬಲ್ಬ್ ಹೊತ್ತಿಸುವುದು. ಆತಗೂರು ಶಾಲೆಯವರಿಗೆ ಅದೇ ಪಾಠ, ಬರೀ ಪುಸ್ತಕದಲ್ಲಿ. ಡಿಸೆಂಬರ್‌ನಲ್ಲಿ ಎರಡೂ ಕಡೆ ಮತ್ತೊಂದು ಪರೀಕ್ಷೆ. ಹೊಳಲು ಎಷ್ಟು ಮುಂದೆ ಹೋಯಿತೋ ಅದೇ ನನ್ನ ಪಿಎಚ್.ಡಿ.

ಗೈಡ್ ಚಲುವನಾರಾಯಣ ಸರ್ ಬೋರ್ಡಿನ ಮೇಲೆ ಬರೆದರು: ಆತಗೂರು — ಕಂಟ್ರೋಲ್. ಅಂದರೆ ಹೋಲಿಸಿ ನೋಡಲು ಇಟ್ಟ ಶಾಲೆ. ಕೆಳಗೆ ಎರಡು ಗೆರೆ. "ಅಲ್ಲಿಗೆ ಏನೂ ಕೊಡಬಾರದು ಮೋಹಿನಿ. ಒಂದು ಸುಳಿವೂ."

ಏನೂ ಕೊಡಬಾರದು! ಊರ ಹೊರಗೆ ನಿಲ್ಲಿಸಿದವರಿಗೆ ತಲೆತಲಾಂತರದಿಂದ ಹೇಳಿದ ಮಾತು. ಇಂಗ್ಲಿಷಿನಲ್ಲಿ ಹೇಳಿದರೆ ವಿಜ್ಞಾನ.

ಜುಲೈ 9

ಆತಗೂರು. ಹೆಡ್‌ಮಿಸ್ ದೇವಿರಮ್ಮ ಗೇಟಿನಲ್ಲೇ ಶುರು ಮಾಡಿದರು. "ಓ, ಬಂದ್ಲು ಪರೀಕ್ಷೆ ಅಮ್ಮ! ಹೊಳಲಿನ ಐಕ್ಳಿಗೆ ಟ್ಯಾಬು, ನಮ್ ಐಕ್ಳಿಗೆ ಕೊಸ್ಚನ್ ಪೇಪ್ರು. ನಮ್ಮವು ಏನ್ ಪಾಪ ಮಾಡಿದ್ವು ಕಣಮ್ಮ?"

ಪ್ರಶ್ನೆಪತ್ರಿಕೆ ಹಂಚಿದೆ.

ಪ್ರಶ್ನೆ: ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು, ಒಂದೇ ಥರದ ಎರಡು ಬಲ್ಬ್. ಯಾವುದು ಜೋರಾಗಿ ಉರಿಯುತ್ತದೆ? ಬಹುತೇಕ ಎಲ್ಲರೂ ಬರೆದದ್ದು: ಮೊದಲನೆಯದು. ಯಾಕೆಂದು ಕೇಳಿದೆ. ಮುಂದಿನ ಬೆಂಚಿನ ಗಗನ ಎದ್ದು ನಿಂತಳು. "ಕರೆಂಟು ಬ್ಲಫ್ ಪವರ್‌ಹೌಸಿಂದ ಬತ್ತದೆ ಅಕ್ಕ. ನಮ್ ಮಾವ ಅಲ್ಲೇ ಕೆಲ್ಸುಕ್ಕವ್ರೆ. ಮುಂದ್ಲ ಊರೆಲ್ಲ ತಿನ್ಕಂಡು ಮಿಕ್ಕಿದ್ದು ನಮ್ಗೆ. ಬಲ್ಬೂ ಅಂಗೇಯ."

ತಪ್ಪು. ಆದರೆ ತಪ್ಪೆಂದು ಅವಳಿಗೆ ಹೇಳುವ ಹಾಗಿಲ್ಲ. ಅವಳು ತಪ್ಪಾಗಿಯೇ ಉಳಿಯಬೇಕು — ನನ್ನ ಗ್ರಾಫಿಗಾಗಿ.

ಜುಲೈ 14

ಜಗಳ. "ಯಾಕೆ ಕೊಡಬಾರದು ಸರ್?"

"ಕೊಡೋಣ. ಎರಡನೇ ಪರೀಕ್ಷೆ ಮುಗಿದ ಮೇಲೆ. ಪ್ರೊಪೋಸಲ್‌ನಲ್ಲಿ ನೀವೇ ಬರೆದಿದ್ದೀರಿ. ವ್ಯತ್ಯಾಸ ಕಂಡರೆ ಜಿಲ್ಲೆಯ ನಲವತ್ತು ಶಾಲೆಗೆ ಕೊಡಿಸ್ತೀವಿ ಅಂತ ಅಧಿಕಾರಿಗಳು ಅಂದಿದ್ದಾರೆ. ಅದನ್ನ ತೋರಿಸೋಕೆ ಪಕ್ಕದಲ್ಲಿ ಕೊಡದೆ ಇರೋ ಶಾಲೆ ಒಂದು ಬೇಕಲ್ಲಮ್ಮ?"

ಮೇಲೊಂದು ನಗು. ಇಸ್ತ್ರಿ ಮಾಡಿದ ಅಂಗಿಯಂಥ ನಗು.

ಬಸ್‌ಸ್ಟ್ಯಾಂಡ್ ಹತ್ತಿರ ಹಂಚುತ್ತಿದ್ದ ಕರಪತ್ರ ಇನ್ನೂ ಬ್ಯಾಗಿನಲ್ಲಿದೆ. 'ನಾಳೆ ಕೊಡುತ್ತೇನೆ ಎನ್ನುವವನು ಇವತ್ತಿನದನ್ನು ಕಸಿದುಕೊಂಡವನು.' ಇವರನ್ನು ನೋಡಿಯೇ ಬರೆದಂತಿದೆ.

ಜುಲೈ 19, ಶನಿವಾರ

ಕೊಂಡೊಯ್ದೆ.

ವಾರದ ಕೊನೆಗೆ ಚಾರ್ಜಿಂಗ್‌ಗೆಂದು ಹೊಳಲಿನ ಟ್ಯಾಬ್‌ಗಳು ನನ್ನ ಹತ್ತಿರವೇ ಇರುತ್ತವೆ. ಬೇರೆ ಲಾಗಿನ್ ಹಾಕಿದೆ, ಗುರುತು ಉಳಿಯುವುದಿಲ್ಲ. ದೇವಿರಮ್ಮ ಬಾಗಿಲು ಮುಂದೆ ಮಾಡಿಕೊಂಡರು. "ಯಾರ್ಗೂ ಏಳಕಿಲ್ಲ ಬುಡು."

ಗಗನ ಎರಡು ಬಲ್ಬ್ ಹೊತ್ತಿಸಿದಳು. ನೋಡಿದಳು. ಅಳಿಸಿದಳು. ಮತ್ತೆ ಹೊತ್ತಿಸಿದಳು. ಎರಡೂ ಒಂದೇ ಬೆಳಕು.

"ಅಕ್ಕ, ಮೊದ್ಲುದು ಏನೂ ತಿನ್ನಕಿಲ್ವಾ?"

"ನೀನೇ ಹೇಳು."

"ತಿನ್ನಕಿಲ್ಲ ಕಣಕ್ಕ! ಸುತ್ತಾಕ್ಕಂಡ್ ಬತ್ತದೆ!" ಪಕ್ಕದವಳ ಬೆನ್ನಿಗೆ ಗುದ್ದಿದಳು. "ನೋಡೇ ಗೂಬೆ!"

ಇದನ್ನು ಡಿಸೆಂಬರ್‌ವರೆಗೆ ತಡೆದಿಡಬೇಕಂತೆ. ತಡೆದಿಡಲಿ ಸರ್, ತಮ್ಮ ಬೆಳಗಿನ ಕಾಫಿಯನ್ನು.

ಸೆಪ್ಟೆಂಬರ್ 6

ಒಂದು ಶನಿವಾರವೂ ತಪ್ಪಿಸಿಲ್ಲ. ಸರ್ ಕೇಳಿದರು — "ಆತಗೂರು ಹೇಗಿದೆ?" "ಪುಸ್ತಕ ಓದುತ್ತಿದ್ದಾರೆ ಸರ್." ಮುಖ ನೋಡಿಯೇ ಹೇಳಿದೆ. ನಾಲಿಗೆ ತಡವರಿಸಲಿಲ್ಲ. ಇಂಥವರಿಗೆ ಸುಳ್ಳು ಹೇಳಿದರೆ ಸುಳ್ಳಲ್ಲ.

ಡಿಸೆಂಬರ್ 8, ಸೋಮವಾರ

ಎರಡನೇ ಪರೀಕ್ಷೆಯ ಗ್ರಾಫ್ ಬಂತು. ಹೊಳಲಿನ ಗೆರೆ ಏರಿದೆ. ಆತಗೂರಿನದೂ ಅಷ್ಟೇ ಏರಿದೆ. ಒಂದರ ಮೇಲೊಂದು. ಎರಡು ಬಲ್ಬ್, ಒಂದೇ ಬೆಳಕು — ಒಂದು ಕ್ಷಣ ಖುಷಿಯೂ ಆಯಿತು.

ಸರ್ ಕನ್ನಡಕ ತೆಗೆದು ಒರೆಸಿದರು. ಕಾದೆ. ಈಗ ಅಂಕಿ ತಿದ್ದುತ್ತಾರೆ, ಈಗ ಬಣ್ಣ ಬಯಲಾಗುತ್ತದೆ...

"ಇದ್ದದ್ದು ಇದ್ದ ಹಾಗೆ ಬರೀರಿ. ಪುಸ್ತಕದಲ್ಲೇ ಕಲಿಯಬಹುದು, ಟ್ಯಾಬ್‌ನಿಂದ ಹೆಚ್ಚೇನೂ ಆಗಲ್ಲ ಅಂತ. ಥೀಸಿಸ್‌ಗೆ ತೊಂದರೆ ಇಲ್ಲ, ಹೆದರಬೇಡಿ."

"ನಲವತ್ತು ಶಾಲೆ ಸರ್?"

"ಯಾಕೆ ಕೊಡ್ತಾರೆ? ಉಪಯೋಗ ಇಲ್ಲ ಅಂತ ನಾವೇ ತೋರಿಸಿದ್ದೀವಲ್ಲ. ಗುರುವಾರ ಅಧಿಕಾರಿಗಳ ಮೀಟಿಂಗ್. ನೀವೇ ಹೇಳಿ."

ನನಗೆ ಧೈರ್ಯ ಹೇಳುತ್ತಿದ್ದಾರೆ. ನನಗೆ.

ಡಿಸೆಂಬರ್ 9

ಆತಗೂರಿಗೆ ಹೋದೆ. ನಿಜ ಹೇಳಿಬಿಡುತ್ತೇನೆ ಎಂದೆ.

ದೇವಿರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ತಲೆ ಕೆಟ್ಟದಾ? ನಾ ಕೇಳುದ್ನಾ, ತತ್ತಾ ಅಂತ? ನೀನೇ ಒತ್ಕಂಡ್ ಬಂದೆ."

"ಬಾಗಿಲು ಹಾಕಿದ್ದು ನೀವು ಮೇಡಂ."

"ಆಕ್ದೆ. ನಮ್ ಐಕ್ಳು ಕಲ್ತ್ಕಂಡ್ವು. ಮಿಕ್ಕಿದ್ ಊರ್ನವು ಕಟ್ಕಂಡ್ ನಂಗೇನು? ನಿಂಗೂ ಡಾಕ್ಟ್ರು ಪಟ್ಟ ಬತ್ತದೆ. ಬಾಯ್ ಮುಚ್ಕಂಡ್ ಓಗು."

ಹೇಡಿ, ಸ್ವಾರ್ಥಿ ಎಂದು ಗೇಟಿನವರೆಗೆ ಬೈದುಕೊಂಡೆ. ಗೇಟಿನಲ್ಲಿ ಗಗನ. "ಅಕ್ಕ, ಮುಂದ್ಲ ವರ್ಸ ಬ್ಲಫ್ ಸ್ಕೂಲ್ಗೂ ಟ್ಯಾಬು ಬತ್ತದಂತಲ್ಲ? ನಮ್ ಮಾವನ್ ಮಗ್ಳು ಕಾಯ್ತಾವ್ಳೆ. ನಾನೇ ಏಳ್ಕೊಡ್ತೀನಿ ಅಂದಿವ್ನಿ."

ಬರುತ್ತೆ ಎಂದೆ.

ಮುಂದಿನ ಊರು ತಿಂದುಕೊಂಡಿತು. ಹಿಂದಿನವರಿಗೆ ಮಿಕ್ಕಿದ್ದೂ ಇಲ್ಲ. ತಿನ್ನಿಸಿದವಳು ನಾನು.

ಡಿಸೆಂಬರ್ 11, ಬೆಳಿಗ್ಗೆ 10.40, ಮಂಡ್ಯ

ಮೀಟಿಂಗ್ ಹಾಲಿನ ಹೊರಗೆ ಬೆಂಚು. ಹೇಳದಿದ್ದರೆ ಪಿಎಚ್.ಡಿ. ಉಳಿಯುತ್ತದೆ, ನಲವತ್ತು ಶಾಲೆ ಹೋಗುತ್ತದೆ. ಹೇಳಿದರೆ ಎರಡು ಶಾಲೆಯ ಅಂಕಿಯೂ ಕಸ. ನನ್ನನ್ನು ತೆಗೆದುಹಾಕಬಹುದು. ನಲವತ್ತು ಶಾಲೆಗೆ ಆಗಲೂ ಸಿಗುತ್ತದೆಂದಲ್ಲ... ಆದರೆ ಉಪಯೋಗವಿಲ್ಲ ಎಂಬ ಸುಳ್ಳು ಹರಡುವುದಾದರೂ ನಿಲ್ಲುತ್ತದೆ. ಇನ್ನೊಬ್ಬರು ಮೊದಲಿನಿಂದ ಶುರು ಮಾಡಬಹುದು.

ಕರಪತ್ರ ತೆಗೆದು ಓದಿದೆ. ನಾಳೆ ಕೊಡುವವನ ಬಗ್ಗೆ ಇದೆ. ಇವತ್ತೇ ಕೊಟ್ಟು ಕಸಿದುಕೊಂಡವಳ ಬಗ್ಗೆ ಒಂದು ಸಾಲೂ ಇಲ್ಲ.

ಸರ್ ಬಂದರು. ಅದೇ ಇಸ್ತ್ರಿ. "ತಿಂಡಿ ಆಯ್ತಾ?" ಎಂದು ಕೇಳಿ ಒಳಗೆ ಹೋದರು. ಈ ಮನುಷ್ಯನನ್ನು ದ್ವೇಷಿಸುವುದು ಎಷ್ಟು ಸುಲಭವಾಗಿತ್ತು.

ದೇವಿರಮ್ಮನ ಹೆಸರು ಎತ್ತುವುದಿಲ್ಲ. ಮನಸ್ಸಿನಲ್ಲಿ ಬೈದುಕೊಂಡೇ, ಆದರೂ ಎತ್ತುವುದಿಲ್ಲ.

ಬಾಗಿಲು ತೆರೆಯಿತು. "ಮೋಹಿನಿ ಯಾರಮ್ಮ?" ಮೊದಲ ಮಾತು ಬರೆದುಕೊಂಡೇ ಹೋಗುತ್ತೇನೆ, ಒಳಗೆ ಬದಲಾಯಿಸದ ಹಾಗೆ: ಸರ್, ಟ್ಯಾಬ್‌ನಿಂದ ಉಪಯೋಗವಿದೆಯೋ ಇಲ್ಲವೋ ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದು ನಾನು. ಪ್ರತಿ ಶನಿವಾರ ಆತಗೂರಿಗೆ ನಾನೇ