ಬಿಳಿ ಬಲ್ಬು

ಜೂನ್ ೧೧, ಮಂಗಳವಾರ

ಬಚ್ಚಲುಮನೆಯ ಬಲ್ಬು ಹಳೆಯದು, ಅದಕ್ಕೇ ಇವರ ಮುಖ ಹಳದಿ ಕಾಣುತ್ತದೆ ಎಂದು ಒಂದು ವಾರದಿಂದ ಅಂದುಕೊಂಡಿದ್ದೆ. ಇವತ್ತು ಸಂಜೆ ಬಿಳಿ ಬಲ್ಬು ಹಾಕಿದೆ. ಗೋಡೆ ಬೆಳ್ಳಗಾಯಿತು, ಟವೆಲ್ ಬೆಳ್ಳಗಾಯಿತು. ಕನ್ನಡಿಯಲ್ಲಿ ಇವರ ಕಣ್ಣು ಮಾತ್ರ ಹಳದಿಯಾಗಿಯೇ ಉಳಿಯಿತು.

"ಏನೇ, ದೆವ್ವ ನೋಡ್ದಂಗೆ ನೋಡ್ತೀಯಾ? ತೋಳು ನೋಡು, ತೋಳು!" ಎಂದು ನಕ್ಕರು. ಐವತ್ತೆರಡನೇ ವಯಸ್ಸಿನಲ್ಲಿ ಜಿಮ್ಮಿಗೆ ಸೇರಿ, ಅಲ್ಲಿ ಕೊಟ್ಟ ಪುಡಿ ಕುಡಿದು ಬಂದ ತೋಳು.

ಡಾಕ್ಟರಾಗಿರುವ ನಾದಿನಿಗೆ ಫೋನ್ ಮಾಡಿದೆ. ಮೂತ್ರದ ಬಣ್ಣ ಕೇಳಿದಳು. ಕಡು ಚಹಾದಂತಿದೆ ಎಂದು ಇವರೇ ಒಪ್ಪಿಕೊಂಡರು.

"ಅತ್ತಿಗೆ, ಜಿಮ್ಮಲ್ಲಿ ಕೊಡೋ ಇಂಥ ಪುಡೀಲಿ ಕೆಲವು ಸಲ ಸ್ಟೆರಾಯ್ಡ್ ಬೆರೆಸಿರ್ತಾರೆ. ಲಿವರ್‌ಗೆ ಪೆಟ್ಟು ಬೀಳುತ್ತೆ. ಇವತ್ತೇ ನಿಲ್ಸಿ. ಬೆಳಿಗ್ಗೆ ಅಣ್ಣನ್ನ ಕರ್ಕೊಂಡ್ ಬನ್ನಿ, ಡಬ್ಬೀನೂ ತನ್ನಿ."

ಡಬ್ಬಿಯನ್ನು ಚೀಲದಲ್ಲಿಟ್ಟಿದ್ದೇನೆ. ಅದರಲ್ಲಿ ಏನೇನಿದೆ ಎಂದು ಎಲ್ಲೂ ಬರೆದಿಲ್ಲ. ಪಕ್ಕದಲ್ಲಿ ಇವರು ನಿದ್ದೆಯಲ್ಲೇ ಕೆರೆದುಕೊಳ್ಳುತ್ತಿದ್ದಾರೆ. ಆ ತೋಳು ಬೇರೆ ಯಾರದೋ, ನಮ್ಮ ಹಾಸಿಗೆಗೆ ಬಂದು ಮಲಗಿದೆ ಅನ್ನಿಸುತ್ತಿದೆ.

ನಾಲ್ಕು ತಿಂಗಳು, ದಿನಾ ಬೆಳಿಗ್ಗೆ, ಆ ಪುಡಿಯನ್ನು ಹಾಲಿಗೆ ಕಲಕಿದವಳು ನಾನು. ಇವರು ಎರಡು ಚಮಚ ಸಾಕು ಎನ್ನುತ್ತಿದ್ದರು. ನಾನು ಪ್ರೀತಿಗೆ ಮೂರು ಹಾಕುತ್ತಿದ್ದೆ. ನಾಳೆ ನಾದಿನಿಗೆ ಇದನ್ನೂ ಹೇಳಬೇಕಲ್ಲ, ಇವರ ಎದುರಿಗೇ.