ಈರಣ್ಣನಿಗಾಗಿ ಬಿದ್ದ ಹೆಗಲುಪಾಳಿ

ಗದಗ, ಶ್ರಾವಣದ ಮೂರನೆಯ ಗುರುವಾರ, ಇಸವಿ ೨೧೮೪

ಒಂದೂವರೆ ಶತಮಾನದ ಹಿಂದೆ ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವ ನಿಮಗೆ ಕಮಲಾಕ್ಷಿಯ ನಮಸ್ಕಾರ.

ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಮ್ಮ ಕಾಲದಲ್ಲಿ ಬಹಳ ರೋಗಗಳಿಗೆ ಮದ್ದಿದೆ, ಎಲ್ಲಕ್ಕೂ ಇಲ್ಲ. ಮದ್ದಿಲ್ಲವೆಂದು ವೈದ್ಯರು ಹೇಳಿದ ದಿನವೇ ಓಣಿಯ ಏಳು ಮನೆಗಳಿಗೆ ‘ಹೆಗಲುಪಾಳಿ’ ಬೀಳುತ್ತದೆ. ದಿನಕ್ಕೊಂದು ಮನೆಯವರು ಬಂದು ಅರ್ಧ ದಿನ ರೋಗಿಯ ಬಳಿ ಕೂರುತ್ತಾರೆ. ಆ ಹೊತ್ತು ಮನೆಯವರು ಹೊರಗೆ ಹೋಗಬೇಕು.

ನನ್ನ ಗಂಡ ಈರಣ್ಣ ಗುಡ್ಡದ ಮೇಲಿನ ಗಾಳಿಯಂತ್ರ ಹತ್ತಿ ರಿಪೇರಿ ಮಾಡುತ್ತಿದ್ದವರು. ಐವತ್ತೆರಡನೆಯ ವಯಸ್ಸಿಗೆ ಹೊಟ್ಟೆಯಲ್ಲಿ ಗಡ್ಡೆ ಬಂತು. ಉಳಿದಿರುವುದು ಆರು ತಿಂಗಳು ಎಂದರು ಡಾಕ್ಟರು. ನನ್ನ ಗಂಡನನ್ನು ನಾನೇ ನೋಡಿಕೊಳ್ಳುತ್ತೇನೆಂದು ಪಾಳಿಯವರನ್ನೆಲ್ಲ ಬಾಗಿಲಿನಿಂದಲೇ ಕಳಿಸಿದೆ. ನಲವತ್ತು ದಿನ ಹಾಗೇ ನಡೆಯಿತು. ಒಂದು ಬೆಳಿಗ್ಗೆ ಅವರು ಗಂಜಿ ಬೇಡವೆಂದು ಮುಖ ತಿರುಗಿಸಿದಾಗ ಬಟ್ಟಲನ್ನು ಗೋಡೆಗೆ ಎಸೆದೆ. “ತಿನ್ನೂದಿದ್ರ ತಿನ್ರಿ, ಇಲ್ಲಾಂದ್ರ ಬಿಡ್ರಿ! ನನ್ನ ಕೈಲೆ ಆಗೂದಿಲ್ಲ!”

ಅವರು ಕಿಟಕಿಯತ್ತ ಹೊರಳಿ ಎದುರುಮನೆಯ ಹಜರೇಸಾಬರನ್ನು ಕೂಗಿದರು. ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದ ಹಜರೇಸಾಬರು ಬಂದು ಗೋಡೆ ನೋಡಿದರು, ನನ್ನನ್ನು ನೋಡಿದರು. “ತಂಗಿ, ಇವನ ಗಡ್ಡ ನಾ ಮಾಡ್ತೀನಿ. ನೀ ಹೋಗಿ ಮಲ್ಕೋ.”

ನಾದಿನಿಯ ಮನೆಯಲ್ಲಿ ನಾಲ್ಕು ಗಂಟೆಯತನಕ ಸತ್ತಂತೆ ಮಲಗಿದ್ದೆ. ಮರಳಿ ಬಂದಾಗ ಒಳಗಿನಿಂದ ನಗು ಕೇಳಿಸಿತು. ಇಸ್ಪೀಟಿನಲ್ಲಿ ಮೋಸ ಮಾಡಿದೆಯೆಂದು ಇಬ್ಬರೂ ಜಗಳಾಡುತ್ತ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಹಜರೇಸಾಬರು ಹೋದ ಮೇಲೆ ಕೇಳಿದೆ, “ನನ್ನ ಮುಂದ ಯಾಕ ನಗೂದಿಲ್ಲ ನೀವು?”

“ನಿನ್ನ ಮಾರಿ ನೋಡಿದ್ರ ಅಂಜಿಕಿ ಬರ್ತಿತ್ತು ಕಮಲಾ. ನಕ್ರ ಎಲ್ಲಿ ಅಳ್ತೀಯೋ ಅಂತ.”

ಆ ಸಂಜೆ ಇಬ್ಬರೂ ಅತ್ತೆವು. ಸಾವಿನ ಮಾತನ್ನೂ ಅಂದೇ ಮೊದಲ ಸಲ ಆಡಿದೆವು. ಈಜು ಕಲಿಸುತ್ತೇನೆಂದು ಮದುವೆಯಾದಾಗ ಹೇಳಿದ್ದು ಉಳಿದೇ ಹೋಯಿತು, ಈಗಲಾದರೂ ಕಲಿ ಎಂದರು. ಮರುದಿನದಿಂದ ಪಾಳಿಯವರಿಗೆಲ್ಲ ಬಾಗಿಲು ತೆರೆದೆ. ಪ್ರತಿ ಗುರುವಾರ ಹಜರೇಸಾಬರು ತಮ್ಮ ಪಾಳಿಗೆ ಬಂದು ಕೂತಾಗ ನಾನು ಈಜುಕೊಳಕ್ಕೆ ಹೋಗತೊಡಗಿದೆ. ಮನೆಗೆ ಬಂದು ಗಂಡನ ಮುಂದೆ ಕೈಕಾಲು ಬಡಿದು ತೋರಿಸುತ್ತಿದ್ದೆ.

ಅಂಥದೇ ಒಂದು ಗುರುವಾರ ಅವರು ತೀರಿಹೋದರು. ಒದ್ದೆ ಕೂದಲಲ್ಲಿ ಓಡಿ ಬಂದೆ. ಹಜರೇಸಾಬರು ಇನ್ನೂ ಅವರ ಕೈ ಹಿಡಿದೇ ಕೂತಿದ್ದರು. “‘ಆಕಿ ಇವತ್ತ ಮುಳುಗಲಿಲ್ಲಂದ್ರ ಸಾಕು’ ಅಂದ ತಂಗಿ. ನಕ್ಕ. ಹಂಗ ಕಣ್ಣ ಮುಚ್ಚಿದ.”

ಕೊನೆಗೆ ನಾನು ಬಳಿಯಿರಲಿಲ್ಲವೆಂಬ ನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆದರೆ ಬಾಗಿಲು ತೆರೆದ ಮೇಲಿನ ಆ ನಾಲ್ಕು ತಿಂಗಳು ಅವರಿಗೊಬ್ಬ ಹೆಂಡತಿಯಿದ್ದಳು, ನನಗೊಬ್ಬ ಗಂಡನಿದ್ದರು.

ನಿಮ್ಮ ಕಾಲದಲ್ಲಿ ಪಾಳಿಯಿಲ್ಲವಂತೆ. ಹಾಗಾದರೆ ನೀವೇ ಬಾಯಿಬಿಟ್ಟು ಕರೆಯಬೇಕು. ನಾಚಿಕೆಯಾದರೂ ಕರೆಯಿರಿ. ಬರಬೇಕೆಂದಿದ್ದೂ ಹೇಗೆ ಬರುವುದೆಂದು ತಿಳಿಯದೆ ನಿಂತವರು ಬಹಳ ಜನ. ನಾನೇ ಪಾಳಿಗೆ ಹೋಗತೊಡಗಿದ ಮೇಲೆ ಇದು ತಿಳಿಯಿತು. ನಮ್ಮ ಓಣಿಯ ಗಂಗವ್ವ ಕಾಯಿಲೆಯ ಮಗಳ ಹಾಸಿಗೆ ಬಿಟ್ಟು ಇವತ್ತು ಮೊದಲ ಸಲ ಹೊರಗೆ ಹೊರಟಿದ್ದಾಳೆ. ಆ ಮಗಳ ಬಳಿ ಕೂರಲು ನಾನು ಹೋಗಬೇಕು, ಬರಲೇ?